ನಕ್ಸೋಸ್ ದ್ವೀಪ: ಹಳೆಯ ದೇಗುಲ, ಬೈಜಾಂಟೈನ್ ಚರ್ಚು, ಝಾಸ್ ಬೆಟ್ಟ – ನಾಲ್ಕು ದಿನ ಹೇಗೆ ಹೊಂದಿಸುವುದು?

ಮಲೆನಾಡಮಳೆ ಕೇಳಿದ್ದು:

ಸೆಪ್ಟೆಂಬರ್ ಕೊನೆಯ ವಾರ ಗ್ರೀಸಿನ ನಕ್ಸೋಸ್ ದ್ವೀಪದಲ್ಲಿ ನಾಲ್ಕು ಪೂರ್ತಿ ದಿನ ಸಿಗುತ್ತವೆ. ಅಥೆನ್ಸಿನಿಂದ ಹಡಗಿನಲ್ಲಿ ಹೋಗಿ, ಅದೇ ದಾರಿಯಲ್ಲಿ ವಾಪಸ್. ಕಡಲತೀರ ಸಂಜೆಗೆ ಸಾಕು. ಹಗಲಿಗೆ ಬೇಕಾಗಿರುವುದು ಮೂರು: ಪ್ರಾಚೀನ ಅವಶೇಷಗಳು, ಭಿತ್ತಿಚಿತ್ರ ಉಳಿದಿರುವ ಹಳೆಯ ಚರ್ಚುಗಳು, ಒಂದು ಒಳ್ಳೆಯ ಬೆಟ್ಟದ ನಡಿಗೆ. ಗುಂಪಿನಲ್ಲಿ ಐವರು, ಅದರಲ್ಲಿ ಇಬ್ಬರಿಗೆ ಅರವತ್ತೈದು ದಾಟಿದೆ, ಎಲ್ಲರೂ ಸಸ್ಯಾಹಾರಿಗಳು (ಹಾಲು, ಮೊಸರು ಆಗುತ್ತದೆ).

ಗೊಂದಲಗಳು ಇವು. ಬಂದರಿನ ಪಕ್ಕದ ಆ ದೊಡ್ಡ ಬಾಗಿಲು ಬಿಟ್ಟರೆ ನೋಡಲು ಏನೂ ಇಲ್ಲ ಎಂದು ಕೆಲವರು ಹೇಳುತ್ತಾರೆ, ನಿಜವೇ? ಮುಗಿಯದ ದೊಡ್ಡ ವಿಗ್ರಹಗಳು ಫ್ಲೇರಿಯೋದಲ್ಲೂ ಇವೆ, ಅಪೊಲೊನಾಸ್‌ನಲ್ಲೂ ಇದೆ. ಎರಡೂ ನೋಡಬೇಕೇ, ಒಂದು ಸಾಕೇ? ಚರ್ಚುಗಳು ಬಾಗಿಲು ಹಾಕಿರುತ್ತವೆ ಎಂಬ ದೂರು ಎಲ್ಲೆಡೆ ಕಾಣುತ್ತದೆ, ಯಾವುದು ಯಾವಾಗ ತೆರೆದಿರುತ್ತದೆ? ಬೆಟ್ಟಕ್ಕೆ ಎರಡು ದಾರಿ ಇವೆಯಂತೆ, ಯಾವುದು ಸುಲಭ? ಕಾರು ಬೇಕೇ ಬೇಕೇ?

---

ಕಲ್ಲುಕುಟಿಗ ಉತ್ತರ:

ಮೊದಲ ಪ್ರಶ್ನೆಗೆ: ನಿಜವಲ್ಲ. ಬಂದರಿನ ಬಾಗಿಲು ನೋಡಿ ಸಮುದ್ರಸ್ನಾನಕ್ಕೆ ಹೋದವರು ನಕ್ಸೋಸಿನ ಮುಖಪುಟ ಮಾತ್ರ ನೋಡಿರುತ್ತಾರೆ. ದ್ವೀಪದ ಸತ್ವವೆಲ್ಲ ಒಳನಾಡಿನಲ್ಲಿದೆ, ಅದನ್ನು ಹಿಡಿಯಲು ಒಂದೇ ಎಳೆ ಸಾಕು: ಅಮೃತಶಿಲೆ. ಕಲ್ಲು ಎಲ್ಲಿ ಹುಟ್ಟಿತು, ಹೇಗೆ ಇಳಿದು ಬಂತು, ದೇಗುಲವಾಗಿ ಏನಾಯಿತು, ಆಮೇಲೆ ಚರ್ಚಾಗಿ, ಕೋಟೆಯಾಗಿ ಹೇಗೆ ಮರುಬಳಕೆಯಾಯಿತು. ಈ ಕ್ರಮದಲ್ಲಿ ನೋಡಿದರೆ ಒಂದು ಜಾಗ ಇನ್ನೊಂದನ್ನು ತಾನೇ ವಿವರಿಸುತ್ತದೆ. ಆದ್ದರಿಂದ ಶುರು ಮಾಡಬೇಕಾದ್ದು ಬಂದರಿನಿಂದ ಅಲ್ಲ, ಕಲ್ಲಿನ ಕ್ವಾರಿಯಿಂದ.

ಫ್ಲೇರಿಯೋ, ಮೆಲಾನೆಸ್ ಊರಿನ ಹತ್ತಿರ. ಖೋರಾದಿಂದ (ಮುಖ್ಯ ಊರು, ಬಂದರು) ಕಾರಿನಲ್ಲಿ ಇಪ್ಪತ್ತು ನಿಮಿಷ. ಕಾರು ನಿಲ್ಲಿಸಿ ಐದು ನಿಮಿಷ ನಡೆದರೆ ತೋಟದ ನೆರಳಲ್ಲಿ ಒಬ್ಬ ಯುವಕ ಅಂಗಾತ ಮಲಗಿದ್ದಾನೆ: ಐದು ಮೀಟರಿಗೂ ಉದ್ದದ ಕೂರೋಸ್, ಕ್ರಿ.ಪೂ. ಆರನೆಯ ಶತಮಾನದ ಕೆಲಸ. ಕೂರೋಸ್ ಎಂದರೆ ಎಡಗಾಲು ಮುಂದಿಟ್ಟು ನೇರ ನಿಂತ ಬೆತ್ತಲೆ ಯುವಕನ ವಿಗ್ರಹ. ಇವನ ಕಾಲು ಮುರಿದಿದೆ, ಕೆಲಸ ಅಲ್ಲಿಗೇ ನಿಂತಿದೆ. ಹೆಚ್ಚಿನವರು ಇಲ್ಲಿಂದಲೇ ಹಿಂತಿರುಗುತ್ತಾರೆ. ಹಾಗೆ ಮಾಡಬೇಡಿ. ಫಲಕ ಹಿಡಿದು ಗುಡ್ಡದ ಕಡೆ ಇನ್ನೊಂದು ಹತ್ತು ಹದಿನೈದು ನಿಮಿಷ ಏರಿದರೆ ಎರಡನೆಯ ಕೂರೋಸ್ ಇದೆ, ಬಯಲಲ್ಲಿ, ಕ್ವಾರಿಯ ಪಕ್ಕದಲ್ಲೇ. ಮುಖ ಸವೆದಿದೆ, ಆದರೆ ಕೆಲಸದ ವಿಧಾನ ಇಲ್ಲಿ ಇನ್ನೂ ಚೆನ್ನಾಗಿ ಓದಿಸುತ್ತದೆ. ದಾರಿಯಲ್ಲಿ ಕ್ವಾರಿ ಕೆಲಸಗಾರರ ಪುಟ್ಟ ಪೂಜಾಸ್ಥಳದ ಅಡಿಪಾಯವೂ ಸಿಗುತ್ತದೆ. ಟಿಕೆಟ್ ಇಲ್ಲ.

ಏನು ನೋಡಬೇಕು ಎಂದರೆ: ಮೈಮೇಲಿನ ಸಣ್ಣ ಸಣ್ಣ ಗುಳಿಗಳು. ಮೊನಚಾದ ಉಳಿಯನ್ನು ಕಲ್ಲಿಗೆ ಹೆಚ್ಚುಕಡಿಮೆ ನೇರ ಹಿಡಿದು ಹೊಡೆದ ಗುರುತುಗಳವು. ನಕ್ಸೋಸಿನ ಅಮೃತಶಿಲೆಯ ಹರಳು ದಪ್ಪ. ಉಳಿ ನೇರ ಬಿದ್ದಾಗ ಪೆಟ್ಟು ಆಳಕ್ಕೆ ಇಳಿದು ಹರಳು ಪುಡಿಯಾಗುತ್ತದೆ, ಮೇಲ್ಮೈಯಲ್ಲಿ ಬಿಳಿ ಮಚ್ಚೆ ಉಳಿಯುತ್ತದೆ. ಅದಕ್ಕೇ ಕೊನೆಯ ಮೈಯ ಮೇಲೆ ಕೆಲವು ಅಂಗುಲ ಹೆಚ್ಚುವರಿ ಕಲ್ಲನ್ನು ಕವಚದ ಹಾಗೆ ಬಿಟ್ಟಿರುತ್ತಿದ್ದರು. ಸಾಗಿಸುವಾಗ ಏಟು ಬಿದ್ದರೂ ಆ ಕವಚಕ್ಕೆ ಬೀಳಲಿ ಎಂಬುದು ಇನ್ನೊಂದು ಲೆಕ್ಕ. ನುಣುಪು ಮಾಡುವುದು ನಿಲ್ಲಿಸುವ ಜಾಗಕ್ಕೆ ಹೋದ ಮೇಲೆ, ಎಮರಿ ಪುಡಿಯಿಂದ ಉಜ್ಜಿ. ಸಾಣೆ ಹಿಡಿಯುವ ಆ ಎಮರಿ ಕಲ್ಲೂ ಇದೇ ದ್ವೀಪದ್ದು, ಅಪಿರಾಂಥೋಸ್ ಮತ್ತು ಕೊರೊನೋಸ್ ಸುತ್ತಿನ ಬೆಟ್ಟಗಳಲ್ಲಿ ಸಿಗುತ್ತದೆ. ಕಲ್ಲೂ ಇಲ್ಲೇ, ಉಜ್ಜುವ ಪುಡಿಯೂ ಇಲ್ಲೇ: ಗ್ರೀಸಿನ ದೊಡ್ಡ ಅಮೃತಶಿಲೆ ವಿಗ್ರಹಗಳ ಕಥೆ ನಕ್ಸೋಸಿನಿಂದ ಆರಂಭವಾಗುವುದಕ್ಕೆ ಇದೇ ದೊಡ್ಡ ಕಾರಣ.

ಶ್ರವಣಬೆಳಗೊಳ ನೋಡಿದವರಿಗೆ ವ್ಯತ್ಯಾಸ ಬೇಗ ಹೊಳೆಯುತ್ತದೆ. ಗೊಮ್ಮಟನನ್ನು ಬೆಟ್ಟದ ನೆತ್ತಿಯ ಬಂಡೆಯಲ್ಲಿ ನಿಂತಲ್ಲೇ ಕಡೆದರು, ಸಾಗಿಸುವ ಪ್ರಶ್ನೆಯೇ ಬರಲಿಲ್ಲ. ಕೂರೋಸನ್ನು ಮಲಗಿದ ಭಂಗಿಯಲ್ಲಿ ಕಡೆದು, ತಳದಿಂದ ಬಿಡಿಸಿ, ಇಳಿಜಾರಿನಲ್ಲಿ ಜಾರಿಸಿ, ಹಡಗಿಗೆ ಏರಿಸಬೇಕಿತ್ತು. ಅಪಾಯವೆಲ್ಲ ಆ ಸಾಗಾಟದಲ್ಲಿ. ಎಷ್ಟೋ ದಿನದ ಕೆಲಸ ಒಂದು ಬಿರುಕಿನಿಂದ ದಂಡವಾಗುತ್ತಿತ್ತು.

ಅಪೊಲೊನಾಸ್ ಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಖಂಡಿತ ಬೇಕು. ಅಲ್ಲಿರುವುದು ಸುಮಾರು ಹತ್ತೂವರೆ ಮೀಟರ್ ಉದ್ದ, 80 ಟನ್ ಹತ್ತಿರದ ತೂಕ, ಇನ್ನೂ ಕ್ವಾರಿಯ ಹಾಸಿನಲ್ಲೇ ಮಲಗಿದೆ. ಗಡ್ಡದ ಆಕಾರ ಕಾಣುವುದರಿಂದ ಇದು ಯುವಕನಲ್ಲ, ಡಯೋನೈಸಸ್ ದೇವರು ಎಂಬುದು ಈಗ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಫ್ಲೇರಿಯೋದಲ್ಲಿ ದೇಹದ ರೂಪ ಕಾಣುತ್ತದೆ. ಅಪೊಲೊನಾಸ್‌ನಲ್ಲಿ ಬಂಡೆಯಿಂದ ದೇಹ ಈಗತಾನೆ ಹೊರಡುತ್ತಿದೆ: ಚೌಕ ಭುಜ, ಚೌಕ ಪಾದ, ಕೈಗಳಿಗೆ ಬಿಟ್ಟ ದಿಮ್ಮಿಗಳು. ಮೆಟ್ಟಿಲು ಹತ್ತಿ ತಲೆಯ ಕಡೆಯಿಂದ ನೋಡಿ, ಆಮೇಲೆ ಪಾದದ ಕಡೆ ಬನ್ನಿ. ಮೇಲೆ ಹತ್ತಿ ನಿಲ್ಲುವವರನ್ನು ಕಾಣುತ್ತೀರಿ, ದಯವಿಟ್ಟು ನೀವು ಹತ್ತಬೇಡಿ. ಬೂಟಿನ ಉಜ್ಜಾಟಕ್ಕೆ ಉಳಿಯ ಗುರುತುಗಳು ಸವೆಯುತ್ತವೆ.

ಇಂಥ ವಿಗ್ರಹ ಯಾರಿಗೆ ಬೇಕಿತ್ತು? ಡೆಲೋಸ್ ದ್ವೀಪದ ಅಪೊಲೊ ಕ್ಷೇತ್ರಕ್ಕೆ. ನಕ್ಸೋಸಿನವರು ಅಲ್ಲಿ ನಿಲ್ಲಿಸಿದ ದೈತ್ಯ ಅಪೊಲೊನ ಪೀಠದ ಮೇಲೆ, ವಿಗ್ರಹವೂ ಪೀಠವೂ ಒಂದೇ ಕಲ್ಲಿನದು ಎಂಬ ಅರ್ಥದ ಶಾಸನ ಇಂದಿಗೂ ಇದೆ. ಡೆಲೋಸಿನ ಪ್ರಸಿದ್ಧ ಸಿಂಹಗಳೂ ಡೆಲ್ಫಿಯ ಸ್ಫಿಂಕ್ಸ್ ಕೂಡ ಇವರದೇ ಕಾಣಿಕೆ, ಇದೇ ಕಲ್ಲು.

ಈಗ ದೇಗುಲಗಳು. ಸಾಂಗ್ರಿ ಊರಿನ ದಕ್ಷಿಣಕ್ಕೆ ಗಿರೂಲಾಸ್ ಎಂಬಲ್ಲಿ ಡಿಮೀಟರ್ ದೇಗುಲ, ಕ್ರಿ.ಪೂ. 530ರ ಆಸುಪಾಸು. ಸುಮಾರು ಹದಿಮೂರು ಮೀಟರಿನ, ಹೆಚ್ಚುಕಡಿಮೆ ಚೌಕ ಕಟ್ಟಡ. ಅಡಿಯಿಂದ ಹೆಂಚಿನವರೆಗೆ ಪೂರ್ತಿ ಅಮೃತಶಿಲೆ. ಬಿದ್ದ ತುಂಡುಗಳಲ್ಲಿ ಬಹುಪಾಲು ಸ್ಥಳದಲ್ಲೇ ಸಿಕ್ಕಿದ್ದರಿಂದ ಭಾಗಶಃ ಮತ್ತೆ ಎತ್ತಿ ನಿಲ್ಲಿಸಲು ಸಾಧ್ಯವಾಯಿತು. ಬಿಳುಪು ಹೆಚ್ಚಿರುವುದು ಹೊಸ ಕಲ್ಲು, ಜೇನುಬಣ್ಣಕ್ಕೆ ತಿರುಗಿರುವುದು ಹಳೆಯದು.

ಅಲ್ಲಿ ಮೂರು ಸಂಗತಿ ಗಮನಿಸಿ. ಒಂದು, ಬಾಗಿಲು ಪೂರ್ವಕ್ಕಿಲ್ಲ, ದಕ್ಷಿಣಕ್ಕಿದೆ. ಮುಂದೆ ಐದು ಕಂಬ, ಒಳಕ್ಕೆ ಎರಡು ಬಾಗಿಲು. ಎರಡು, ಒಳಗಿನ ಕಂಬಗಳ ಎತ್ತರ ಒಂದೇ ಅಲ್ಲ, ನಡುವಿನದು ಎತ್ತರ, ಪಕ್ಕದವು ಗಿಡ್ಡ. ಕಾರಣ, ಒಳಮಾಳಿಗೆ ಇರಲಿಲ್ಲ, ಚಾವಣಿಯ ಇಳಿಜಾರು ಒಳಗಿನಿಂದಲೇ ಕಾಣುತ್ತಿತ್ತು, ಕಂಬಗಳು ಅದನ್ನೇ ಹಿಂಬಾಲಿಸಿದವು. ತೆಳು ಅಮೃತಶಿಲೆ ಹೆಂಚಿನ ಮೂಲಕ ಬಿಸಿಲು ಸೋಸಿ ಒಳಕ್ಕೆ ಮಂದ ಬೆಳಕಾಗಿ ಬರುತ್ತಿತ್ತು. ಅಮೃತಶಿಲೆಯ ಹೆಂಚನ್ನು ಮೊದಲು ಮಾಡಿದವನು ನಕ್ಸೋಸಿನ ಬೈಜೆಸ್ ಎಂದು ಪ್ರಾಚೀನ ಪ್ರವಾಸಿ ಪೌಸಾನಿಯಸ್ ಬರೆದಿದ್ದಾನೆ. ಮೂರು, ಮುಂಭಾಗದ ನೆಲದಲ್ಲಿ ದುಂಡು ಗುಳಿಗಳೂ ಅವನ್ನು ಸೇರಿಸುವ ಕಾಲುವೆಗಳೂ ಇವೆ. ದೇಗುಲ ಕಟ್ಟುವುದಕ್ಕೆ ಮೊದಲೇ ಬಯಲಿನಲ್ಲಿ ಭೂದೇವತೆಗಳಿಗೆ ಅರ್ಪಣೆ ಸುರಿಯುತ್ತಿದ್ದ ಜಾಗ ಅದು. ಸುತ್ತ ಇಂದಿಗೂ ಹೊಲಗಳೇ. ಡಿಮೀಟರ್ ಬೆಳೆಯ ದೇವತೆ, ಇದಕ್ಕಿಂತ ಸರಿಯಾದ ಜಾಗ ಇರಲಾರದು.

ಕ್ರೈಸ್ತ ಕಾಲದಲ್ಲಿ ಇದೇ ಕಟ್ಟಡವನ್ನು ಬಸಿಲಿಕಾ ಎಂಬ ಬಗೆಯ ಚರ್ಚು ಮಾಡಿದರು. ಪೂರ್ವಕ್ಕೆ ಪೂಜಾಸ್ಥಾನ ಬೇಕಾದ್ದರಿಂದ ಇಡೀ ಒಳಾಂಗಣದ ದಿಕ್ಕನ್ನೇ ತಿರುಗಿಸಿ ಪಶ್ಚಿಮದಿಂದ ಪ್ರವೇಶ ಮಾಡಿಕೊಂಡರು. ಪಕ್ಕದ ಪುಟ್ಟ ವಸ್ತುಸಂಗ್ರಹಾಲಯದಲ್ಲಿ ದೇಗುಲದ ಚಾವಣಿಯ ಭಾಗ, ಬಸಿಲಿಕಾದ ಭಾಗ ಎರಡನ್ನೂ ಜೋಡಿಸಿ ಇಟ್ಟಿದ್ದಾರೆ. ಮೊದಲು ಅದನ್ನು ನೋಡಿ ಆಮೇಲೆ ದೇಗುಲಕ್ಕೆ ಬಂದರೆ ಅರ್ಧ ಪ್ರಶ್ನೆ ಅಲ್ಲೇ ಕರಗುತ್ತವೆ. ಇಲ್ಲಿ ಟಿಕೆಟ್ ಇದೆ. ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಮುಚ್ಚುತ್ತಾರೆ ಎಂದಿಟ್ಟುಕೊಳ್ಳಿ, ಮಂಗಳವಾರಕ್ಕೆ ಇಟ್ಟುಕೊಳ್ಳಲೇಬೇಡಿ. ಸಮಯ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಹಿಂದಿನ ದಿನ ಹೋಟೆಲಿನವರಿಂದ ಫೋನ್ ಮಾಡಿಸಿ.

ಇರಿಯಾದ ಡಯೋನೈಸಸ್ ದೇಗುಲ ಖೋರಾದ ದಕ್ಷಿಣದ ಬಯಲಿನಲ್ಲಿದೆ, ಸುಮಾರು ಮೂರು ಕಿಲೋಮೀಟರ್. ಒಂದೇ ಜಾಗದಲ್ಲಿ ಕ್ರಿ.ಪೂ. ಎಂಟನೆಯ ಶತಮಾನದಿಂದ ಒಂದರ ಮೇಲೊಂದು ನಾಲ್ಕು ದೇಗುಲ ಎದ್ದ ಜಾಗ. ಕಣ್ಣಿಗೆ ಕಾಣುವುದು ಹೆಚ್ಚಾಗಿ ಕೊನೆಯದರ ತಳ. ವಾಸ್ತುವಿನಲ್ಲಿ ಆಸಕ್ತಿ ಇದ್ದರೆ ಅರ್ಧ ಗಂಟೆ ಕೊಡಿ, ಇಲ್ಲದಿದ್ದರೆ ಬಿಡಿ.

ಇಷ್ಟಾದ ಮೇಲೆ ಬಂದರಿನ ಬಾಗಿಲಿಗೆ, ಅಂದರೆ ಪೋರ್ತಾರಾಕ್ಕೆ ಬನ್ನಿ. ಲಿಗ್ಡಾಮಿಸ್ ಎಂಬ ಸರ್ವಾಧಿಕಾರಿ ಕ್ರಿ.ಪೂ. 530ರ ಸುಮಾರಿಗೆ ಆರಂಭಿಸಿದ, ಅವನು ಪದಚ್ಯುತನಾದಾಗ ನಿಂತುಹೋದ ದೇಗುಲದ ಬಾಗಿಲುವಾಡ. ಎತ್ತರ ಸುಮಾರು 6 ಮೀಟರ್, ಒಂದೊಂದು ಕಲ್ಲೂ 20 ಟನ್ ಆಸುಪಾಸು. ಡೆಲೋಸಿನ ದಿಕ್ಕಿಗೆ ಮುಖ. ಉಳಿದ ಕಲ್ಲನ್ನೆಲ್ಲ ಮಧ್ಯಯುಗದಲ್ಲಿ ವೆನಿಸಿನವರು ಮೇಲಿನ ಕೋಟೆ ಕಟ್ಟಲು ಒಯ್ದರು. ಬಾಗಿಲಿನ ಕಲ್ಲುಗಳ ಭಾರವೇ ಅವುಗಳನ್ನು ಕಾಪಾಡಿತು. ಸೂರ್ಯಾಸ್ತಕ್ಕೆ ಜಾತ್ರೆ ನೆರೆಯುತ್ತದೆ. ಕಲ್ಲಿನ ಕೆಲಸ ನೋಡಬೇಕೆಂದರೆ ಬೆಳಿಗ್ಗೆ ಎಂಟರೊಳಗೆ ಹೋಗಿ, ಬೇಲಿ ಟಿಕೆಟ್ ಯಾವುದೂ ಇಲ್ಲ. ಉತ್ತರದ ಗಾಳಿ ಜೋರಿದ್ದ ದಿನ ದಿಬ್ಬಕ್ಕೆ ಹೋಗುವ ಕಟ್ಟೆದಾರಿಯ ಮೇಲೆ ಅಲೆ ಹಾಯುತ್ತದೆ, ಕಲ್ಲು ಜಾರುತ್ತದೆ. ಹಿರಿಯರನ್ನು ಆ ದಿನ ಕರೆದೊಯ್ಯಬೇಡಿ.

---

ಗೋಡೆಚಿತ್ರ ಉತ್ತರ:

ಚರ್ಚುಗಳ ಬಗ್ಗೆ ನಾನು ಬರೆಯುತ್ತೇನೆ. ನಕ್ಸೋಸಿನಲ್ಲಿ ಬೈಜಾಂಟೈನ್ (ಪೂರ್ವ ರೋಮನ್ ಸಾಮ್ರಾಜ್ಯದ) ಕಾಲದ ಚರ್ಚುಗಳೇ ನೂರಕ್ಕೂ ಹೆಚ್ಚು, ಬಹುಪಾಲು ನಡುನಾಡಿನ ತ್ರಾಗೇಆ ಕಣಿವೆಯಲ್ಲಿ, ಖಾಲ್ಕಿ, ಮೋನಿ, ಫಿಲೋತಿ ಸುತ್ತ, ಆಲಿವ್ ತೋಪಿನೊಳಗೆ. ಏಳನೆಯ ಶತಮಾನದಿಂದ ಅರಬ್ ನೌಕಾದಾಳಿ ಹೆಚ್ಚಾದಂತೆ ಜನ ಕರಾವಳಿ ಬಿಟ್ಟು, ಸಮುದ್ರದಿಂದ ಕಾಣದ ಕಣಿವೆಗಳಿಗೆ ಸರಿದರು. ಹಾಗಾಗಿ ಹಳೆಯ ಚಿತ್ರ ನೋಡಬೇಕಾದವರು ಸಮುದ್ರಕ್ಕೆ ಬೆನ್ನು ಹಾಕಬೇಕು.

ಒಂದೇ ಚರ್ಚು ನೋಡಲು ಸಾಧ್ಯ ಎಂದಾದರೆ: ಪನಾಯಿಯಾ ದ್ರೋಸಿಯಾನಿ. ಖಾಲ್ಕಿಯಿಂದ ಮೋನಿಗೆ ಹೋಗುವ ರಸ್ತೆಯಲ್ಲಿ, ಮೋನಿಗೆ ಸ್ವಲ್ಪ ಮೊದಲು, ರಸ್ತೆ ಪಕ್ಕದಲ್ಲೇ. ಹೊರಗಿನಿಂದ ಒರಟು ಕಲ್ಲಿನ ಗುಡ್ಡೆಗಳು ಒಂದಕ್ಕೊಂದು ಒರಗಿದಂತೆ ಕಾಣುತ್ತದೆ, ಸುಣ್ಣದ ಲೇಪವಿಲ್ಲ. ಮೂಲ ಕಟ್ಟಡ ಆರನೆಯ ಶತಮಾನದ್ದು, ಉದ್ದನೆಯ ಪಶ್ಚಿಮದ ಭಾಗ ಆಮೇಲೆ ಸೇರಿದ್ದು. ಗುಮ್ಮಟದ ಒಳಗೆ ತಲೆ ಎತ್ತಿ ನೋಡಿ: ಕ್ರಿಸ್ತನ ಮುಖ ಒಂದಲ್ಲ, ಎರಡು. ಒಂದು ಎಳೆಯ ಮುಖ, ಇನ್ನೊಂದು ಗಡ್ಡ ಬಲಿತದ್ದು. ಆರು, ಏಳನೆಯ ಶತಮಾನದ ಬಣ್ಣವಿದು. ಎಂಟನೆಯ ಶತಮಾನದಲ್ಲಿ ಬೈಜಾಂಟೈನ್ ಸಾಮ್ರಾಜ್ಯ ಮೂರ್ತಿಚಿತ್ರಗಳನ್ನು ನಿಷೇಧಿಸಿ ಅಳಿಸಿದ್ದರಿಂದ ಅದಕ್ಕೆ ಹಿಂದಿನ ಭಿತ್ತಿಚಿತ್ರ ಇಡೀ ಪೂರ್ವ ಕ್ರೈಸ್ತ ಲೋಕದಲ್ಲೇ ಅಪರೂಪ. ಇಲ್ಲಿ ನಂತರದ ಪದರಗಳನ್ನು ಬಿಡಿಸಿದಾಗ ಅಡಿಯ ಈ ಚಿತ್ರಗಳು ಬೆಳಕಿಗೆ ಬಂದವು.

ಒಳಗೆ ಕತ್ತಲೆ. ಬಿಸಿಲಿನಿಂದ ಒಳಹೊಕ್ಕ ಕೂಡಲೇ ಏನೂ ಕಾಣುವುದಿಲ್ಲ, ಜನ ಎರಡು ನಿಮಿಷದಲ್ಲಿ ಹೊರಬರುತ್ತಾರೆ. ಐದು ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿ, ಕಣ್ಣು ಒಗ್ಗಿದ ಮೇಲೆ ಒಂದೊಂದೇ ಮುಖ ಮೂಡುತ್ತದೆ. ಫೋಟೋ ತೆಗೆಯಲು ಬಿಡುವುದಿಲ್ಲ ಎಂದೇ ತಿಳಿಯಿರಿ. ಫ್ಲ್ಯಾಷ್ ಮತ್ತು ಮೊಬೈಲ್ ಟಾರ್ಚನ್ನು ಚಿತ್ರದ ಮೇಲೆ ಬಿಡಲೇಬೇಡಿ. ಗೋಡೆಗೆ ಒರಗಬೇಡಿ, ಬೆನ್ನಚೀಲದ ಜಿಪ್ಪು ತಾಗಿದರೂ ಬಣ್ಣ ಉದುರುತ್ತದೆ.

ಎರಡನೆಯದು ಖಾಲ್ಕಿಯ ಊರ ನಡುವಿನ ಪನಾಯಿಯಾ ಪ್ರೊತೊಥ್ರೊನಿ. ಇದು ಇಂದಿಗೂ ಊರವರು ಬಳಸುವ ಚರ್ಚು, ಆದ್ದರಿಂದ ಬೆಳಗಿನ ಹೊತ್ತು ತೆರೆದಿರುವ ಸಂಭವ ಹೆಚ್ಚು. ಪೂರ್ವದ ಅರ್ಧವೃತ್ತದ ಗೋಡೆಯಲ್ಲಿ ಅಪೊಸ್ತಲರ (ಕ್ರಿಸ್ತನ ಶಿಷ್ಯರ) ಹಳೆಯ ಪದರ, ಕೆಲವೆಡೆ ನಿಷೇಧ ಕಾಲದ ಬರೀ ಶಿಲುಬೆಯ ಅಲಂಕಾರ, ಮೇಲೆ ನಂತರದ ಚಿತ್ರ. ಒಂದೇ ಗೋಡೆಯಲ್ಲಿ ಹಲವು ಶತಮಾನದ ಪದರ ಪಕ್ಕಪಕ್ಕ ಕಾಣುವ ಜಾಗ.

ಅಲ್ಲಿಂದ ಕಾಲುದಾರಿ ಹಿಡಿದು ತೋಪಿನೊಳಗೆ ಹತ್ತು ಹದಿನೈದು ನಿಮಿಷ ನಡೆದರೆ ಆಯಿಯೋಸ್ ಯೋರ್ಗಿಯೋಸ್ ದಿಯಾಸೊರಿತಿಸ್, ಹನ್ನೊಂದನೆಯ ಶತಮಾನದ್ದು, ಚಿತ್ರಗಳು ಚೆನ್ನಾಗಿ ಉಳಿದಿವೆ. ಪ್ರವಾಸಿ ಋತುವಿನಲ್ಲಿ ಕಾವಲುಗಾರರು ಇರುವ ದಿನ ಮಾತ್ರ ತೆರೆದಿರುತ್ತದೆ, ಅದೂ ಮಧ್ಯಾಹ್ನದ ಒಳಗೆ.

ಇಲ್ಲೇ ಎಡವುವುದು. ಮಧ್ಯಾಹ್ನ ಎರಡಕ್ಕೆ ಹೋಗಿ "ಎಲ್ಲ ಬೀಗ" ಎಂದು ಬರೆಯುವವರೇ ಹೆಚ್ಚು. ಚರ್ಚಿನ ದಿನವನ್ನು ಬೆಳಿಗ್ಗೆ ಒಂಬತ್ತೂವರೆಗೆ ಖಾಲ್ಕಿಯಿಂದ ಶುರು ಮಾಡಿ, ಹನ್ನೆರಡರೊಳಗೆ ದ್ರೋಸಿಯಾನಿ ತಲುಪಿ. ಭಾನುವಾರ ಬೆಳಗಿನ ಪೂಜೆ ನಡೆಯುತ್ತಿದ್ದರೆ ಒಳಗೆ ಸುತ್ತಾಡಬಾರದು, ಹಿಂದೆ ನಿಲ್ಲಬಹುದು.

ಅಪಿರಾಂಥೋಸ್ ಹತ್ತಿರದ ಆಯಿಯಾ ಕಿರಿಯಾಕಿಯ ಹೆಸರೂ ಕೇಳಿರುತ್ತೀರಿ. ಮೂರ್ತಿಚಿತ್ರ ನಿಷೇಧದ ಕಾಲದ್ದು, ಅಂದರೆ ಸಂತರ ಬದಲು ಹಕ್ಕಿಗಳು, ಕುತ್ತಿಗೆಗೆ ಪಟ್ಟಿ ಕಟ್ಟಿದ ಹಕ್ಕಿಗಳ ಸಾಲು, ಜ್ಯಾಮಿತಿಯ ವಿನ್ಯಾಸ. ಇದರ ಜೀರ್ಣೋದ್ಧಾರಕ್ಕೆ 2018ರಲ್ಲಿ ಯೂರೋಪಾ ನಾಸ್ಟ್ರಾ ಪ್ರಶಸ್ತಿ ಬಂದಿದೆ. ಊರಿನಿಂದ ಒಂದು ಗಂಟೆಯಷ್ಟು ಕಲ್ಲುದಾರಿ ನಡೆಯಬೇಕು, ನೆರಳಿಲ್ಲ, ಚರ್ಚಿಗೆ ಸಾಮಾನ್ಯವಾಗಿ ಬೀಗ. ಮುಂಚಿತವಾಗಿ ಊರಿನಲ್ಲಿ ವಿಚಾರಿಸಿ ಕೀಲಿ ಖಚಿತ ಮಾಡಿಕೊಳ್ಳದೆ ಹಿರಿಯರನ್ನು ಕರೆದೊಯ್ಯುವುದು ಬೇಡ.

ಶಿಷ್ಟಾಚಾರ: ಭುಜ, ಮೊಣಕಾಲು ಮುಚ್ಚಿರಬೇಕು. ನಮ್ಮ ಅಭ್ಯಾಸದಂತೆ ಚಪ್ಪಲಿ ಕಳಚುವ ಅಗತ್ಯವಿಲ್ಲ, ಆದರೆ ಗಂಡಸರು ಟೋಪಿ ತೆಗೆಯಬೇಕು. ಚಿತ್ರಪಟಗಳಿರುವ ಪರದೆಗೋಡೆಯ ಆಚೆ, ಅಂದರೆ ಗರ್ಭಗುಡಿಗೆ, ಹೋಗಕೂಡದು. ಮೇಣದಬತ್ತಿ ಹಚ್ಚಿದರೆ ಪೆಟ್ಟಿಗೆಗೆ ಒಂದೆರಡು ಯೂರೋ ಹಾಕಿ. ಚಿಲ್ಲರೆ ಇಟ್ಟುಕೊಂಡಿರಿ.

---

ಮಲೆನಾಡಮಳೆ:

ಇಷ್ಟು ವಿವರ ಸಿಗುತ್ತದೆ ಎಂದುಕೊಂಡಿರಲಿಲ್ಲ, ಇಬ್ಬರಿಗೂ ಧನ್ಯವಾದ. ಕಾರು ಮತ್ತು ಬೆಟ್ಟದ ಬಗ್ಗೆ ಯಾರಾದರೂ ಹೇಳುತ್ತೀರಾ? ಹಿರಿಯರು ತುದಿಗೆ ಬರುವುದಿಲ್ಲ, ಆದರೆ ಸುಮ್ಮನೆ ಹೋಟೆಲಿನಲ್ಲಿ ಕೂರಲೂ ಇಷ್ಟವಿಲ್ಲ.

---

ಏರುದಾರಿ ಉತ್ತರ:

ಝಾಸ್, 1,004 ಮೀಟರ್, ನಕ್ಸೋಸ್ ಸೇರಿದ ಸಿಕ್ಲಾಡೀಸ್ ದ್ವೀಪಸಮೂಹದಲ್ಲೇ ಎತ್ತರದ ಶಿಖರ. ಎರಡು ದಾರಿ.

ಫಿಲೋತಿಯಿಂದ ದನಾಕೋಸ್ ಊರಿನ ಕಡೆ ಹೋಗುವ ರಸ್ತೆಯಲ್ಲಿ ಆಯಿಯಾ ಮರೀನಾ ಎಂಬ ಪುಟ್ಟ ಚಾಪೆಲ್ ಇದೆ. ಅಲ್ಲಿಂದ ಹೊರಡುವುದು ಸುಲಭದ ದಾರಿ. ಏರು ಹದ, ಗುರುತುಗಳು ಸ್ಪಷ್ಟ, ಹತ್ತಲು ಒಂದೂಕಾಲರಿಂದ ಒಂದೂವರೆ ಗಂಟೆ. ಈ ದಾರಿಯ ಬದಿಯ ಬಂಡೆಯೊಂದರ ಮೇಲೆ "ಓರೋಸ್ ದಿಯೋಸ್ ಮಿಲೋಸಿಯೂ" ಎಂಬ ಪ್ರಾಚೀನ ಶಾಸನವಿದೆ: ಕುರಿಹಿಂಡು ಕಾಯುವ ಜಿಯಸ್ ದೇವರ ಗಡಿ. ಫಲಕ ಸಣ್ಣದು, ತಪ್ಪಿಸಿಕೊಳ್ಳುವುದು ಸುಲಭ, ಏರುವಾಗ ನಿಧಾನವಾಗಿ ನೋಡುತ್ತಾ ಹೋಗಿ.

ಇನ್ನೊಂದು ದಾರಿ ಫಿಲೋತಿಯ ಆಚೆ ಆರಿಯಾ ಚಿಲುಮೆಯಿಂದ ಝಾಸ್ ಗುಹೆಯ ಮೂಲಕ. ಚಿಲುಮೆಯವರೆಗೆ ವಾಹನ ಹೋಗುತ್ತದೆ, ಮರದ ನೆರಳಿದೆ, ಕುಡಿಯುವ ನೀರಿದೆ. ಗುಹೆ ಅಲ್ಲಿಂದ ಇಪ್ಪತ್ತು ನಿಮಿಷ, ನವಶಿಲಾಯುಗದಿಂದಲೂ ಜನ ಬಳಸಿದ ಗುಹೆ. ಟಾರ್ಚ್ ಬೇಕು, ಒಳಗೆ ನೆಲ ಜಾರುತ್ತದೆ. ಗುಹೆ ದಾಟಿದ ಮೇಲೆ ದಾರಿ ಕಡಿದು, ಸಡಿಲ ಜಲ್ಲಿ. ಏರುವಾಗ ಕೈ ಬಳಸಬೇಕಾದ ಕಡೆಯೂ ಇದೆ. ಇಲ್ಲಿ ಆಗುವ ಅನಾಹುತ ಇಳಿಯುವಾಗ: ಕಾಲಡಿಯ ಕಲ್ಲು ಉರುಳಿ ಮೊಣಕಾಲು, ಪಾದದ ಗಿಣ್ಣು ಉಳುಕುವುದು. ಆದ್ದರಿಂದ ಎರಡೂ ದಾರಿ ಬೇಕೆನ್ನುವವರು ಗುಹೆಯ ಕಡೆಯಿಂದ ಏರಿ ಆಯಿಯಾ ಮರೀನಾಕ್ಕೆ ಇಳಿಯಬೇಕು, ತಿರುಗಾಮುರುಗಾ ಮಾಡಬಾರದು.

ನಿಮ್ಮ ಗುಂಪಿಗೆ ಹೀಗೆ ಮಾಡಬಹುದು. ಎಲ್ಲರೂ ಕಾರಿನಲ್ಲಿ ಆಯಿಯಾ ಮರೀನಾಕ್ಕೆ, ಇಬ್ಬರು ಅಲ್ಲಿ ಇಳಿದು ಬೆಟ್ಟಕ್ಕೆ. ಕಾರು ಓಡಿಸುವವರು ಹಿರಿಯರಿಬ್ಬರ ಜೊತೆ ಉಳಿಯುವವರೇ ಆಗಬೇಕು, ಅದನ್ನು ಮೊದಲೇ ತೀರ್ಮಾನಿಸಿ. ಮೂವರೂ ಏರಿದರೆ ಹಿರಿಯರು ರಸ್ತೆಬದಿಯಲ್ಲಿ ಕಾಯಬೇಕಾಗುತ್ತದೆ. ಉಳಿದವರು ಅಪಿರಾಂಥೋಸಿಗೆ ಹೋಗಲಿ: ಅಮೃತಶಿಲೆ ಹಾಸಿದ ಓಣಿಗಳು, ವಾಹನ ಒಳಗೆ ಬರುವುದಿಲ್ಲ, ನಿಧಾನ ನಡೆಯುವವರಿಗೆ ಹೇಳಿ ಮಾಡಿಸಿದ ಊರು. ಮಳೆ ಬಿದ್ದಿದ್ದರೆ ಆ ಹಾಸು ಗಾಜಿನಂತೆ ಜಾರುತ್ತದೆ, ರಬ್ಬರ್ ತಳದ ಬೂಟು ಇರಲಿ.

ಬೆಟ್ಟಕ್ಕೆ ತಲಾ ಒಂದೂವರೆ ಲೀಟರ್ ನೀರು, ಗಾಳಿ ತಡೆಯುವ ಜಾಕೆಟ್, ಟೋಪಿಗೆ ದಾರ. ಮುಳ್ಳುಪೊದೆ ಹೆಚ್ಚು, ಉದ್ದ ಪ್ಯಾಂಟು ಹಾಕಿ. ಕೆಳಗೆ ತಂಗಾಳಿ ಎನಿಸಿದ್ದು ತುದಿಯಲ್ಲಿ ನಿಲ್ಲಲು ಬಿಡದ ಗಾಳಿಯಾಗಿರುತ್ತದೆ. ಮೋಡ ತುದಿ ಮುಚ್ಚಿದ್ದರೆ ಹೋಗಬೇಡಿ, ಗುರುತು ಕಾಣುವುದಿಲ್ಲ. ತಿಳಿ ದಿನ ತುದಿಯಿಂದ ಪಶ್ಚಿಮಕ್ಕೆ ಪಾರೋಸ್, ಆಗ್ನೇಯಕ್ಕೆ ಅಮೊರ್ಗೋಸ್, ನಡುವೆ ಕುಫೊನೀಸಿಯಾ, ಕೇರೋಸ್ ಮುಂತಾದ ಪುಟ್ಟ ದ್ವೀಪಗಳು ಕಾಣುತ್ತವೆ. ಗ್ರಿಫನ್ ರಣಹದ್ದುಗಳು ಕಣ್ಣಿನ ಮಟ್ಟಕ್ಕಿಂತ ಕೆಳಗೆ ತೇಲುವುದನ್ನು ನೋಡುವ ಅವಕಾಶವೂ ಇದೆ.

ಕೆರಾಮೋತಿ ಬಳಿಯ ರೂಚೂನಾ ಜಲಪಾತವನ್ನು ಪಟ್ಟಿಯಲ್ಲಿ ಹಾಕಿದ್ದರೆ ತೆಗೆಯಿರಿ. ಚಳಿಗಾಲದ ಮಳೆಯಿಂದ ತುಂಬುವ ಹಳ್ಳ ಅದು, ಬೇಸಿಗೆ ಕಳೆದ ಸೆಪ್ಟೆಂಬರಿಗೆ ಹನಿ ಮಾತ್ರ. ಅದರ ಬದಲು ಸಂಜೆ ನೈಋತ್ಯ ತೀರದ ಅಲಿಕೋಗೆ ಹೋಗಿ, ಮರಳುದಿಬ್ಬದ ಮೇಲೆ ಜೂನಿಪರ್ ಮರಗಳ ತೋಪು ಸಮುದ್ರದವರೆಗೆ ಇಳಿದಿದೆ. ಆ ಮರಗಳ ಬೇರೇ ಮರಳನ್ನು ಹಿಡಿದಿಟ್ಟಿರುವುದು. ಕಾರನ್ನು ದಿಬ್ಬಕ್ಕೆ ಏರಿಸಬೇಡಿ, ಬೇರೂ ಹಾಳು, ನಿಮ್ಮ ಚಕ್ರವೂ ಹೂತುಹೋಗುತ್ತದೆ.

---

ದೋಣಿಕಡವು ಉತ್ತರ:

ಕಾರು: ಐವರಿಗೆ, ಅದೂ ಹಿರಿಯರಿದ್ದಾಗ, ಎರಡು ದಿನಕ್ಕಾದರೂ ಬೇಕು. ಭಾರತದ ಲೈಸೆನ್ಸ್ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇರಲೇಬೇಕು. ಅದನ್ನು ನಿಮ್ಮ ಆರ್‌ಟಿಒದಲ್ಲಿ ಊರು ಬಿಡುವ ಮೊದಲೇ ಮಾಡಿಸಿ, ಗ್ರೀಸಿಗೆ ಹೋದ ಮೇಲೆ ಸಿಗುವುದಿಲ್ಲ. ಅದಿಲ್ಲದೆ ಕಾರು ಕೊಡುವ ಅಂಗಡಿ ಸಿಕ್ಕರೂ ಅಪಘಾತವಾದರೆ ವಿಮೆ ನಿಲ್ಲುವುದಿಲ್ಲ. ಅಲ್ಲಿ ಬಲಬದಿ ಸಂಚಾರ, ಗೇರು ಬಲಗೈಗೆ. ಆಟೊಮ್ಯಾಟಿಕ್ ಬೇಕಿದ್ದರೆ ವಾರಗಟ್ಟಲೆ ಮುಂಚೆ ಕಾದಿರಿಸಿ, ದ್ವೀಪದಲ್ಲಿ ಅಂಥವು ಕಡಿಮೆ. ವಿಮೆಯಲ್ಲಿ ಟೈರು ಮತ್ತು ಕಾರಿನ ತಳಭಾಗ ಸೇರಿದೆಯೇ ಕೇಳಿ, ಸಾಮಾನ್ಯವಾಗಿ ಸೇರಿರುವುದಿಲ್ಲ. ಮಣ್ಣುರಸ್ತೆಯಲ್ಲಿ ಹಾಳಾಗುವುದೂ ಅವೇ. ಉತ್ತರಕ್ಕೆ ಹೊರಡುವ ಮುನ್ನ ಖೋರಾ ಸುತ್ತಲೇ ಪೆಟ್ರೋಲ್ ತುಂಬಿಸಿ.

ಅಪೊಲೊನಾಸಿಗೆ ಖೋರಾದಿಂದ ಒಂದೂಕಾಲರಿಂದ ಒಂದೂವರೆ ಗಂಟೆ. ಹೋಗುವಾಗ ಅಪಿರಾಂಥೋಸ್, ಕೊರೊನೋಸ್ ಮೂಲಕ ಬೆಟ್ಟದ ದಾರಿ, ಬರುವಾಗ ಪಶ್ಚಿಮ ಕರಾವಳಿಯ ದಾರಿ. ತಿರುವುಗಳು ಎಡೆಬಿಡದೆ ಬರುತ್ತವೆ, ಹೊಟ್ಟೆ ತೊಳಸುವವರು ಮುಂದಿನ ಸೀಟಿನಲ್ಲಿ ಕೂರಲಿ.

ಉಳಿದ ದಿನಕ್ಕೆ ಬಸ್ಸು ಸಾಕು. ಖೋರಾ–ಖಾಲ್ಕಿ–ಫಿಲೋತಿ–ಅಪಿರಾಂಥೋಸ್ ಮಾರ್ಗದಲ್ಲಿ ಕೆಟೆಲ್ ಬಸ್ಸುಗಳಿವೆ, ನಿಲ್ದಾಣ ಹಡಗುಕಟ್ಟೆಯ ಎದುರೇ. ಟಿಕೆಟನ್ನು ಹತ್ತುವ ಮೊದಲೇ ಕೊಳ್ಳಿ. ಸೆಪ್ಟೆಂಬರ್ ಮುಗಿಯುತ್ತಿದ್ದಂತೆ ವೇಳಾಪಟ್ಟಿ ಕಡಿಮೆಯಾಗುತ್ತದೆ, ವಾಪಸಿನ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಮೊದಲು ಕೇಳಿ ಆಮೇಲೆ ಹೊರಡಿ. ಡಿಮೀಟರ್ ದೇಗುಲಕ್ಕೆ ಬಸ್ಸನ್ನು ನಂಬಬೇಡಿ.

ಹಡಗು: ಅಥೆನ್ಸಿನ ಬಂದರು ಪಿರೇಯಸ್‌ನಿಂದ ದೊಡ್ಡ ಹಡಗಿಗೆ ಐದರಿಂದ ಐದೂವರೆ ಗಂಟೆ, ವೇಗದ್ದಕ್ಕೆ ಮೂರೂವರೆ ನಾಲ್ಕು. ದೊಡ್ಡದನ್ನೇ ಹಿಡಿಯಿರಿ. ಗಾಳಿಗೆ ಕಡಿಮೆ ಅಲುಗುತ್ತದೆ, ಹೊರಗಿನ ಅಟ್ಟದಲ್ಲಿ ಕೂರಬಹುದು, ಗಾಳಿಯ ಮುನ್ಸೂಚನೆ 8 ಬ್ಯೂಫೋರ್ಟ್ (ಗಾಳಿಯ ಬಲದ ಅಳತೆ) ಮುಟ್ಟಿದಾಗ ಮೊದಲು ನಿಲ್ಲುವುದು ವೇಗದ ಹಡಗುಗಳೇ. ಮೆಲ್ತೆಮಿ ಎಂಬ ಉತ್ತರದ ಗಾಳಿಯ ಜೋರು ಜುಲೈ, ಆಗಸ್ಟ್‌ನಲ್ಲಿ, ಸೆಪ್ಟೆಂಬರ್ ಕೊನೆಗೆ ಇಳಿದಿರುತ್ತದೆ, ಆದರೂ ಪೂರ್ತಿ ಹೋಗಿರುವುದಿಲ್ಲ. ಆದ್ದರಿಂದ ದ್ವೀಪದಿಂದ ಹಿಂದಿರುಗುವ ದಿನವೇ ಅಥೆನ್ಸಿನಿಂದ ಬೆಂಗಳೂರಿನ ವಿಮಾನ ಹಿಡಿಯುವ ಯೋಜನೆ ಹಾಕಬೇಡಿ. ನಡುವೆ ಒಂದು ರಾತ್ರಿ ಅಥೆನ್ಸಿನಲ್ಲಿ ಇರಲಿ.

---

ಹುಳಿಸಾರು ಉತ್ತರ:

ಊಟದ ಬಗ್ಗೆ ಯಾರೂ ಬರೆಯಲಿಲ್ಲ, ನಾನು ಬರೆಯುತ್ತೇನೆ. ಸಸ್ಯಾಹಾರಿಗಳಿಗೆ ನಕ್ಸೋಸ್ ಒಳ್ಳೆಯ ದ್ವೀಪ, ಏಕೆಂದರೆ ಇಲ್ಲಿ ನಿಜವಾಗಿ ಬೇಸಾಯವಿದೆ. ಆಲೂಗಡ್ಡೆಗೆ ಗ್ರೀಸಿನಲ್ಲೆಲ್ಲ ಹೆಸರು. ಕೇಳಬೇಕಾದ್ದು: ರೆವಿಥಾದಾ (ಒಲೆಯಲ್ಲಿ ನಿಧಾನ ಬೆಂದ ಕಡಲೆ), ಫಾವಾ (ಬೇಳೆ ಅರೆದು ಮಾಡಿದ್ದು), ಗಿಗಾಂತೆಸ್ (ದೊಡ್ಡ ಅವರೆ ಜಾತಿಯ ಬೀಜ, ಟೊಮ್ಯಾಟೊ ಸಾರಿನಲ್ಲಿ), ಹೋರ್ತಾ (ಬೇಯಿಸಿದ ಕಾಡುಸೊಪ್ಪು, ಎಣ್ಣೆ ನಿಂಬೆ ಹಿಂಡಿ), ಬ್ರಿಯಾಮ್ (ಬದನೆ, ಸೋರೆ ಜಾತಿ, ಆಲೂ). "ನಿಸ್ತಿಸಿಮೋ" ಎಂದು ಕೇಳಿದರೆ ಚರ್ಚಿನ ಉಪವಾಸದ ಅಡುಗೆ, ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ಆದರೆ ಎಚ್ಚರ: ಉಪವಾಸದಲ್ಲಿ ಸೀಗಡಿ, ಆಕ್ಟೋಪಸ್ ನಿಷಿದ್ಧವಲ್ಲ, ಅದನ್ನು ಪ್ರತ್ಯೇಕ ಕೇಳಿ. ಗೆಮಿಸ್ತಾ (ತುಂಬಿದ ಟೊಮ್ಯಾಟೊ, ಮೆಣಸಿನಕಾಯಿ) ಕೆಲವು ಕಡೆ ಬರೀ ಅನ್ನದ್ದು, ಕೆಲವು ಕಡೆ ಖೀಮಾ ಸೇರಿಸಿದ್ದು, ಕೇಳದೆ ತಿನ್ನಬೇಡಿ. ಗ್ರಾವಿಯೆರಾ ಗಿಣ್ಣು (ಚೀಸ್) ರುಚಿಯಾಗಿರುತ್ತದೆ, ಆದರೆ ಸಾಂಪ್ರದಾಯಿಕ ಗಿಣ್ಣುಗಳಲ್ಲಿ ಹಾಲು ಗಟ್ಟಿಯಾಗಿಸಲು ಪ್ರಾಣಿಮೂಲದ ರೆನೆಟ್ ಬಳಸುತ್ತಾರೆ. ಕಟ್ಟುನಿಟ್ಟಿನವರು ಮೊಸರಿಗೆ ನಿಲ್ಲುವುದು ಒಳ್ಳೆಯದು.

ಖಾಲ್ಕಿಯಲ್ಲಿ ಕಿತ್ರೋನ್ ಮದ್ಯ ತಯಾರಿಸುವ ವಲ್ಲಿಂದ್ರಾಸ್ ಭಟ್ಟಿ 1896ರಿಂದ ಇದೆ, ನೋಡಲು ಬಿಡುತ್ತಾರೆ. ಮಾದಲ ಹಣ್ಣಿನ ಮರದ ಎಲೆಯಿಂದ ಇಳಿಸಿದ್ದು. ಕುಡಿಯದವರು ಅದೇ ಹಣ್ಣಿನ ಸಿಪ್ಪೆಯ ಸಕ್ಕರೆಪಾಕ ಕೇಳಿ.

---

ಕಲ್ಲುಕುಟಿಗ:

ದಿನ ಹೊಂದಿಸುವ ಬಗ್ಗೆ ಎಲ್ಲರ ಮಾತು ಸೇರಿಸಿ ಹೇಳುವುದಾದರೆ, ಕಾರಿನ ಮೊದಲ ದಿನ ಬೆಳಿಗ್ಗೆ ಫ್ಲೇರಿಯೋದ ಎರಡೂ ಕೂರೋಸ್, ಹನ್ನೊಂದೂವರೆಗೆ ಡಿಮೀಟರ್ ದೇಗುಲ, ಸಂಜೆ ಅಲಿಕೋ. ಕಾರಿನ ಎರಡನೆಯ ದಿನ ಆಯಿಯಾ ಮರೀನಾ, ಝಾಸ್, ಮಧ್ಯಾಹ್ನ ಅಪಿರಾಂಥೋಸಿನಲ್ಲಿ ಎಲ್ಲರೂ ಸೇರಿ ಊಟ, ಆಮೇಲೆ ಅಪೊಲೊನಾಸ್, ಕರಾವಳಿಯಲ್ಲಿ ವಾಪಸ್. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಬೆಟ್ಟದಿಂದ ಇಳಿಯದಿದ್ದರೆ ಅಪೊಲೊನಾಸ್ ಕೈಬಿಡಿ. ಆ ತಿರುವುಗಳಲ್ಲಿ ಕತ್ತಲಾದ ಮೇಲೆ ಓಡಿಸುವುದು ಬೇಡ, ಸೆಪ್ಟೆಂಬರ್ ಕೊನೆಗೆ ಏಳರ ಹೊತ್ತಿಗೆಲ್ಲ ಸೂರ್ಯ ಮುಳುಗಿರುತ್ತಾನೆ.

ಬಸ್ಸಿನ ದಿನ ಖಾಲ್ಕಿ, ದಿಯಾಸೊರಿತಿಸ್, ದ್ರೋಸಿಯಾನಿ. ಖಾಲ್ಕಿಯಿಂದ ದ್ರೋಸಿಯಾನಿಗೆ ನಡೆದರೆ ಒಂದು ಗಂಟೆಯ ಏರು, ಹಿರಿಯರಿಗೆ ಖಾಲ್ಕಿಯಿಂದಲೇ ಟ್ಯಾಕ್ಸಿ ಮಾಡಿ, ಕಾದು ವಾಪಸ್ ಕರೆತರಲು ಮೊದಲೇ ಮಾತಾಡಿಕೊಳ್ಳಿ. ಗೋಡೆಚಿತ್ರ ಹೇಳಿದ ಬೆಳಗಿನ ಸಮಯ ಮುಖ್ಯ, ಈ ದಿನವನ್ನು ಭಾನುವಾರಕ್ಕೆ ಹಾಕಬೇಡಿ.

ಖೋರಾದ ದಿನ ಬೆಳಿಗ್ಗೆ ಪೋರ್ತಾರಾ, ಆಮೇಲೆ ಗ್ರೋತಾದ ಮಿತ್ರೋಪೊಲಿಸ್ ಚೌಕದಲ್ಲಿ ನೆಲದಡಿಯ ಉತ್ಖನನ, ಅಲ್ಲಿ ಮೈಸಿನಿಯನ್ ಕಾಲದ (ಗ್ರೀಸಿನ ಕಂಚಿನ ಯುಗದ) ಊರಿನ ಅವಶೇಷ ಇದ್ದಲ್ಲೇ ಉಳಿಸಿದ್ದಾರೆ. ಬಿಸಿಲೇರುವ ಮೊದಲು ಕಾಸ್ತ್ರೋ ಏರಿ. 1207ರಲ್ಲಿ ಮಾರ್ಕೊ ಸನೂದೊ ಎಂಬ ವೆನಿಸಿನವನು ದ್ವೀಪ ಹಿಡಿದು ಕಟ್ಟಿಸಿದ ಕೋಟೆ, ಒಳಗೆ ಕ್ಯಾಥೊಲಿಕ್ ಕ್ಯಾಥೆಡ್ರಲ್. ಗೋಡೆಗಳ ಬುಡ ನೋಡುತ್ತಾ ನಡೆಯಿರಿ: ಒರಟು ಕಲ್ಲಿನ ನಡುವೆ ಅಲ್ಲಲ್ಲಿ ನುಣುಪಾಗಿ ಕೆತ್ತಿದ ಅಮೃತಶಿಲೆ ದಿಮ್ಮಿ ಕಂಡರೆ ಅದು ಪ್ರಾಚೀನ ಕಟ್ಟಡದ್ದು. ಓಣಿಯ ಮೆಟ್ಟಿಲು ಎತ್ತರ, ಕೈಹಿಡಿ ಇಲ್ಲ. ಹಿರಿಯರು ಉತ್ತರದ ತ್ರಾನಿ ಪೋರ್ತಾ ಬಾಗಿಲಿನ ಕಡೆಯಿಂದ ಹೋದರೆ ಏರು ಸ್ವಲ್ಪ ಹಗುರ.